ಅಮ್ಮ ಎಷ್ಟು ಗಂಟೆಗೆ ಏಳ್ತಾರೆ?

ಮೂಡಲಪಾಳ್ಯ ಎಂಬ ಹೆಸರಲ್ಲಿ ಮೂಡಲಿದೆ, ಆದರೆ ಇರುವುದು ಬೆಂಗಳೂರಿನ ಪಡುವಣ ದಿಕ್ಕಿಗೆ. ನಮ್ಮ 30–40ರ ಸೈಟಿಗೂ ರಸ್ತೆ ಇರುವುದು ಪಡುವಣಕ್ಕೇ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಓವರ್‌ಟೈಮ್ ದುಡ್ಡು ಕೂಡಿಸಿ ಅಲ್ಲೊಂದು ಶೀಟಿನ ಮನೆ ಕಟ್ಟಿದ್ದರು. ಪ್ಲ್ಯಾನ್ ಅಂದರೆ ಮೇಸ್ತ್ರಿ ಕಡ್ಡಿಯಿಂದ ನೆಲದ ಮೇಲೆ ಗೀಚಿದ ಗೆರೆ. ಒಂದು ಹಾಲು, ಒಂದು ರೂಮು, ಹಿಂದೆ ಅಡುಗೆಮನೆ, ಅದರಾಚೆ ಒಂದು ನುಗ್ಗೆಮರ.

ಅಪ್ಪ ಹೋದ ಮೇಲೆ ಶೀಟು ಸೋರತೊಡಗಿತು. ಕೆಡವಿ ಹೊಸದು ಕಟ್ಟೋಣ ಎಂದು ನಾನೂ ತಮ್ಮನೂ ತೀರ್ಮಾನಿಸಿದೆವು. 'ಮನೆ ಕಟ್ಟಿ ನೋಡು' ಎಂದು ಎಲ್ಲರೂ ಹೆದರಿಸಿದರು. ಕಟ್ಟುವುದಕ್ಕೂ ಮೊದಲು ಅದನ್ನು ಯಾರ ಕೈಗೆ ಕೊಡಬೇಕು ಎನ್ನುವುದೇ ದೊಡ್ಡ ಕಷ್ಟ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಮೊದಲು ಬಂದವರು ಕಾಂಟ್ರಾಕ್ಟರು. "ಪ್ಲ್ಯಾನಿಗೆಲ್ಲ ಯಾಕೆ ಸಾರ್ ದುಡ್ಡು? ಕೆಲಸ ನಮಗೆ ಕೊಡಿ, ಪ್ಲ್ಯಾನ್ ಫ್ರೀ" ಎಂದರು. ಎರಡೇ ದಿನದಲ್ಲಿ ಹಾಳೆಯೂ ಬಂತು. ಕೆಳಗೆ ಕಾರಿಗೆ ಜಾಗ, ಒಂದು ಬಾಡಿಗೆ ಮನೆ. ಮೇಲೆ ಇನ್ನೆರಡು ಬಾಡಿಗೆ ಮನೆ. ಎಲ್ಲಕ್ಕಿಂತ ಮೇಲೆ ನಾವು. ಹಾಳೆಯ ಮೂಲೆಯಲ್ಲಿ ಬೇರೆ ಯಾರದೋ ಹೆಸರು ಅಳಿಸಿದ ಗುರುತಿತ್ತು.

ಎರಡನೆಯವರು ಲ್ಯಾಪ್‌ಟಾಪ್ ತೆರೆದು 3ಡಿ ಚಿತ್ರ ತೋರಿಸಿದರು. ರಸ್ತೆಯ ಕಡೆ ಪೂರಾ ಗಾಜು. ತಮ್ಮ ಮರುಳಾದ. ಅವರ ಕಾರ್ಡಿನಲ್ಲಿ ಆರ್ಕಿಟೆಕ್ಟ್ ಎಂದಿತ್ತು. ನನ್ನ ಸಹೋದ್ಯೋಗಿಯೊಬ್ಬರು, "ನೋಂದಣಿ ಸಂಖ್ಯೆ ಕೇಳಿ" ಎಂದರು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು ಎನ್ನುವುದು ನನಗೆ ಗೊತ್ತಾಗಿದ್ದೇ ಆಗ. ಕೇಳಿದರೆ ಅವರು ನಕ್ಕು, "ಸೈನ್ ಮಾಡೋಕೆ ನಮ್ಮ ಕಡೆ ಜನ ಇದ್ದಾರೆ ಬಿಡಿ" ಎಂದರು. ಮನೆ ಯೋಚಿಸುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು. ನಾಳೆ ಗೋಡೆ ಬಿರುಕುಬಿಟ್ಟರೆ ಯಾರನ್ನು ಕೇಳುವುದು?

ಅದೇ ಸಹೋದ್ಯೋಗಿ ತಮ್ಮ ಮನೆಗೆ ಕರೆದರು. ಕಟ್ಟಿ ಎಂಟು ವರ್ಷವಾದ ಮನೆ. ಬೇಕೆಂದೇ ಮಳೆಯ ದಿನ ಹೋದೆ. ಎಲ್ಲೂ ಜಿನುಗಿರಲಿಲ್ಲ. "ಬೀರು ಎಲ್ಲಿಡೋದು ಅಂತ ಗೋಡೆ ಎದ್ದ ಮೇಲೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಮೇಡಂ ಸ್ವಲ್ಪ ಹಟ, ಫೋನ್ ಬೇಗ ಎತ್ತಲ್ಲ" ಎಂದರು. ದೂರನ್ನೂ ಹೇಳಿದ್ದರಿಂದ ಹೊಗಳಿಕೆಯನ್ನು ನಂಬಿದೆ.

ಆ ಮೇಡಂ ಬಂದದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ. ಆ ಹೊತ್ತಿಗೇ ಬರುತ್ತೇನೆ ಎಂದು ಅವರೇ ಹೇಳಿದ್ದರು. ಬಂದವರು ಮೊದಲು ಪಡುವಣದ ಗೋಡೆಗೆ ಅಂಗೈ ಒತ್ತಿ ನೋಡಿದರು. ಆಮೇಲೆ ಅಡುಗೆಮನೆಗೆ ಹೋದರು.

"ಅಮ್ಮಾ, ನೀವು ಎಷ್ಟು ಗಂಟೆಗೆ ಏಳ್ತೀರಿ?"

"ಐದಕ್ಕೆ ಕಣಮ್ಮ."

"ಎದ್ದು ಎಲ್ಲಿ ಕೂತ್ಕೋತೀರಿ?"

ಅಮ್ಮ ಹಿತ್ತಿಲ ಬಾಗಿಲು ತೆರೆದು ಮೆಟ್ಟಿಲು ತೋರಿಸಿದರು. ನುಗ್ಗೆಮರದ ಸಂದಿಯಿಂದ ಮೂಡಲ ಬಿಸಿಲು ಮೊದಲು ಬೀಳುವುದು ಅಲ್ಲಿ. ಅಪ್ಪ ಹೋದ ಮೇಲೆ ದಿನಾ ಅಲ್ಲೇ ಕೂತು ಕಾಫಿ ಕುಡಿಯುತ್ತಾರಂತೆ. ಅದೇ ಮನೆಯಲ್ಲಿದ್ದ ನನಗೆ ಅದು ಗೊತ್ತಿರಲಿಲ್ಲ. ನಾನು ಏಳುವುದು ಏಳಕ್ಕೆ.

"ಮೆಟ್ಟಿಲು ಹತ್ತೋಕಾಗುತ್ತಾ ಅಮ್ಮಾ?"

ಅಮ್ಮ ಮಂಡಿ ಸವರಿಕೊಂಡು ನನ್ನ ಮುಖ ನೋಡಿದರು. "ಮಕ್ಕಳು ಹೇಗೆ ಹೇಳ್ತಾರೋ ಹಾಗೆ."

ನಾನೂ ತಮ್ಮನೂ ಬರೆದಿಟ್ಟಿದ್ದ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಕಾರು, ಮೂರು ಬಾಡಿಗೆ ಮನೆ, ದೇವರ ಕೋಣೆ, ಟೆರೇಸಿನಲ್ಲಿ ಪಾರ್ಟಿಗೆ ಜಾಗ, ಎಲ್ಲವೂ ಅದರಲ್ಲಿತ್ತು. ಅಮ್ಮನ ಹೆಸರು ಇರಲಿಲ್ಲ. ಹಾಳೆಯನ್ನು ನಾನು ಹೊರಗೆ ತೆಗೆಯಲಿಲ್ಲ.

ಜಗಳ ಶುರುವಾದದ್ದು ಆಮೇಲೆ. ಅಮ್ಮನನ್ನು ಕೆಳಗಿಟ್ಟರೆ ಒಂದು ಬಾಡಿಗೆ ಮನೆ ಹೋಗುತ್ತದೆ. ಮೇಲಿಂದ ಇವರ ಫೀಸು ಬೇರೆ. ತಮ್ಮನ ಲೆಕ್ಕ ತಪ್ಪಾಗಿರಲಿಲ್ಲ, ಸಾಲ ಕಟ್ಟಬೇಕಾದವನು ಅವನೂ ಹೌದು. ಮೇಡಂ ಅವನೊಂದಿಗೆ ವಾದಕ್ಕಿಳಿಯಲಿಲ್ಲ. ಎರಡೂ ಬಗೆಯ ನಕ್ಷೆ ಬರೆದುಕೊಟ್ಟು, "ಬಾಡಿಗೆ ಹೋಗೋದು ನಿಜ. ತೀರ್ಮಾನ ನಿಮ್ಮದೇ" ಎಂದರು. ಫೀಸು ಯಾವ ಹಂತದಲ್ಲಿ ಎಷ್ಟು, ಯಾವ ಯಾವ ನಕ್ಷೆ ಕೊಡುತ್ತಾರೆ, ಸೈಟಿಗೆ ಎಷ್ಟು ಸಲ ಬರುತ್ತಾರೆ, ಕಂಬಿ-ಕಾಲಂ ಲೆಕ್ಕಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಯಾರು, ಎಲ್ಲವನ್ನೂ ಬರೆದರು. ಕಾಂಟ್ರಾಕ್ಟರಿಂದಾಗಲಿ ಅಂಗಡಿಯಿಂದಾಗಲಿ ಕಮಿಷನ್ ತೆಗೆದುಕೊಳ್ಳುವುದಿಲ್ಲ ಎಂಬ ಸಾಲೂ ಅದರಲ್ಲಿತ್ತು. ತಮ್ಮ ಅದನ್ನು ಎರಡು ಸಲ ಓದಿ ಒಪ್ಪಿದ.

ಸೋದರಮಾವನಿಗೆ ಪಡುವಣದ ಬಾಗಿಲು ಒಪ್ಪಿಗೆಯಾಗಲಿಲ್ಲ. ಮೇಡಂ ಹಿತ್ತಿಲ ಬಾಗಿಲನ್ನು ಅಗಲ ಮಾಡಿ, "ಇದು ಮೂಡಲಿಗಿದೆಯಲ್ಲಾ ಅಣ್ಣಾ" ಎಂದು ಸಮಾಧಾನ ಹೇಳಿದರು. ಪಡುವಣದ ಗೋಡೆಗೆ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟಿಸಿದರು. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಜನಪ್ರಿಯಗೊಳಿಸಿದ ಕ್ರಮ ಅದು. ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ, ಬಿಸಿಲ ಝಳವೂ ಒಳಗೆ ಅಷ್ಟು ಇಳಿಯುವುದಿಲ್ಲ. ನಮ್ಮಷ್ಟು ದೊಡ್ಡ ಸೈಟಿನ ಹೊಸ ಮನೆಗಳಿಗೆ 2009ರಿಂದ ಮಳೆನೀರು ಕೊಯ್ಲು ಕಡ್ಡಾಯವೆಂದು ನೆನಪಿಸಿ, ಅದರ ಪೈಪುಗಳನ್ನೂ ನಕ್ಷೆಯಲ್ಲೇ ತೋರಿಸಿದ್ದರು.

ನುಗ್ಗೆಮರ ಉಳಿಯಲಿಲ್ಲ. ಪಾಯ ಅಗೆಯುವಾಗ ಹೋಯಿತು. ಅಮ್ಮ ಒಂದು ಕೊಂಬೆ ಕಡಿದು ಪಕ್ಕದ ಮನೆಯವರ ಜಾಗದಲ್ಲಿ ಊರಿದ್ದರು. ಗೃಹಪ್ರವೇಶದ ಮೇಲೆ ಅದರದೇ ಒಂದು ಕೊಂಬೆ ಹಿತ್ತಿಲಿಗೆ ಬಂತು.

ಮನೆ ಕಟ್ಟಿಸುವವರು ಈಗ ನನ್ನನ್ನು ಯಾರು ಒಳ್ಳೆಯವರು ಎಂದು ಕೇಳುತ್ತಾರೆ. ನೋಂದಣಿ ನೋಡಿ, ಕಟ್ಟಿ ಕೆಲವು ವರ್ಷವಾದ ಮನೆ ನೋಡಿ, ಎಲ್ಲವನ್ನೂ ಬರೆಸಿಕೊಳ್ಳಿ ಎನ್ನುತ್ತೇನೆ. ಅವರು ನಿಮ್ಮ ಮನೆಯಲ್ಲಿ ಮೊದಲು ಯಾರನ್ನು ಮಾತಾಡಿಸುತ್ತಾರೆ ಗಮನಿಸಿ ಎಂದೂ ಸೇರಿಸುತ್ತೇನೆ.

ತಮ್ಮ ಈಗಲೂ ಪ್ರತಿ ತಿಂಗಳ ಒಂದನೇ ತಾರೀಖು ಬಾರದ ಬಾಡಿಗೆಯ ಲೆಕ್ಕ ಹೇಳುತ್ತಾನೆ. ಹೇಳುವುದು ಹಿತ್ತಿಲ ಮೆಟ್ಟಿಲ ಮೇಲೆ, ಅಮ್ಮನ ಪಕ್ಕ ಕೂತು, ಕಾಫಿ ಕುಡಿಯುತ್ತಾ.