ಫ್ರೀಮ್ಯಾಂಟಲ್‌ನ ಎರಡು ಫಲಕಗಳು

ಕಲ್ಲಿನ ಮೇಲೆ ಬರೆದುದೆಲ್ಲವೂ ಸತ್ಯವೆಂಬ ನಂಬಿಕೆ ಮನುಷ್ಯನಲ್ಲಿ ಬಹು ಹಿಂದಿನಿಂದಲೂ ಬೇರೂರಿದೆ. ಬಾಯಿಂದ ಆಡಿದ ಮಾತು ಗಾಳಿಗೆ ಹೋದೀತು, ಓಲೆಯ ಮೇಲಿನ ಬರಹವನ್ನು ಗೆದ್ದಲು ತಿಂದೀತು; ಆದರೆ ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಅಳಿವಿಲ್ಲವೆಂದು ನಾವು ಭಾವಿಸುತ್ತೇವೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಕಲಿತು, ಅನಂತರ ಶಾಸನಗಳನ್ನು ಓದುವ ಗೀಳು ಹತ್ತಿಸಿಕೊಂಡ ನನಗಂತೂ ಬರಹವುಳ್ಳ ಕಲ್ಲನ್ನು ಕಂಡರೆ ಕೈಮುಗಿಯುವಷ್ಟು ಗೌರವ. ಆ ಗೌರವಕ್ಕೆ ಒಂದಿಷ್ಟು ಎಚ್ಚರವನ್ನೂ ಬೆರೆಸಬೇಕೆಂಬ ಪಾಠವನ್ನು ಅರವತ್ತು ದಾಟಿದ ಮೇಲೆ, ಹಿಂದೂ ಮಹಾಸಾಗರದ ಆಚೆಯ ದಡದಲ್ಲಿ ಕಲಿತೆ. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನನ್ನ ತಮ್ಮನ ಮಗನು ಕೆಲವು ವರ್ಷಗಳಿಂದ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಸಂಸಾರ ಹೂಡಿದ್ದಾನೆ. "ದೊಡ್ಡಪ್ಪ, ನಿವೃತ್ತಿಯಾದ ಮೇಲೂ ಊರು ಬಿಟ್ಟು ಕದಲುವುದಿಲ್ಲವೆಂದರೆ ಹೇಗೆ? ಒಮ್ಮೆ ಬನ್ನಿ" ಎಂದು ಅವನು ಪದೇ ಪದೇ ಕರೆಯುತ್ತಿದ್ದುದರಿಂದ ಕೊನೆಗೆ ಹೊರಟೆ. ಪರ್ತ್‌ಗೆ ಸೇರಿದಂತೆಯೇ ಇರುವ ಬಂದರು ಪಟ್ಟಣ ಫ್ರೀಮ್ಯಾಂಟಲ್. ಒಂದು ಭಾನುವಾರ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದೆವು. ಕಡಲಿಗೆ ಸಮೀಪದಲ್ಲಿ ಎಸ್ಪ್ಲನೇಡ್ ಎಂಬ ವಿಶಾಲವಾದ ಹಸಿರು ಮೈದಾನ. ಅಲ್ಲಿ ಬಾಣದಂತೆ ನೆಟ್ಟಗೆ ಬೆಳೆದ ನಾರ್ಫೋಕ್ ಪೈನ್ ಮರಗಳು. ಮಕ್ಕಳು ಆಟಕ್ಕೆ ಓಡಿದರು. ನಾನು ಅಭ್ಯಾಸಬಲದಿಂದ ಅಲ್ಲಿದ್ದ ಕಲ್ಲಿನ ಸ್ಮಾರಕದ ಕಡೆಗೆ ನಡೆದೆ.

ಅದು 1913ರಲ್ಲಿ ನಿಲ್ಲಿಸಿದ ಅನ್ವೇಷಕರ ಸ್ಮಾರಕ. ಪ್ಯಾಂಟರ್, ಹಾರ್ಡಿಂಗ್, ಗೋಲ್ಡ್‌ವೈಯರ್ ಎಂಬ ಮೂವರು ಬಿಳಿಯರು ಉತ್ತರದ ಕರಾವಳಿಯಲ್ಲಿ ಕುರಿದನಗಳಿಗೆ ಹುಲ್ಲುಗಾವಲನ್ನು ಹುಡುಕುತ್ತ ಹೋಗಿ, 1864ರ ನವೆಂಬರಿನಲ್ಲಿ ಲಾ ಗ್ರೇಂಜ್ ಕೊಲ್ಲಿಯ ಬಳಿ ಹತರಾದರು. ಮರುವರ್ಷ ಮೇಟ್‌ಲ್ಯಾಂಡ್ ಬ್ರೌನ್ ಎಂಬವನ ನೇತೃತ್ವದಲ್ಲಿ ಒಂದು ತಂಡ ಹೊರಟು ಅವರ ಕಳೇಬರಗಳನ್ನು ತಂದಿತು. ಸ್ಮಾರಕದ ಮೇಲ್ಭಾಗದಲ್ಲಿರುವುದು ಈ ಬ್ರೌನನ ಎದೆಮಟ್ಟದ ಪ್ರತಿಮೆ. ಕೆಳಗಿನ ಫಲಕವು ಸ್ಥಳೀಯ ಜನರನ್ನು ವಿಶ್ವಾಸಘಾತುಕರೆಂದು ಕರೆಯುತ್ತದೆ, ಮೂವರ ಸಾವನ್ನು ಕೊಲೆಯೆಂದು ಹೇಳುತ್ತದೆ, ಬ್ರೌನನ ತಂಡವನ್ನು ಹುಡುಕುವ ಹಾಗೂ ದಂಡಿಸುವ ತಂಡವೆಂದು ಹೊಗಳುತ್ತದೆ. ದಂಡನೆ ಯಾರಿಗಾಯಿತು, ಎಷ್ಟು ಜನರಿಗಾಯಿತು ಎಂಬುದರ ಬಗೆಗೆ ಆ ಕಲ್ಲು ಬಾಯಿ ಬಿಡುವುದಿಲ್ಲ.

ಓದಿ ಮುಗಿಸಿ ಹಿಂದಿರುಗಬೇಕೆನ್ನುವಷ್ಟರಲ್ಲಿ ಅದೇ ಪೀಠದ ಮೇಲೆ ಇನ್ನೊಂದು ಫಲಕ ಕಣ್ಣಿಗೆ ಬಿತ್ತು. ಇದನ್ನು ಕೂಡಿಸಿದ್ದು 1994ರ ಏಪ್ರಿಲ್ 9ರಂದು. ಬ್ರೂಮ್ ಪಟ್ಟಣದ ದಕ್ಷಿಣಕ್ಕೆ, ಆ ಲಾ ಗ್ರೇಂಜ್ ಕೊಲ್ಲಿಯ ದಡದಲ್ಲಿಯೇ ಇರುವ ಬಿಡ್ಯಾಡಂಗಾ ಎಂಬ ಊರಿನ ಮೂಲನಿವಾಸಿಗಳ ಹಿರಿಯರು ಅಷ್ಟು ದೂರದಿಂದ ಬಂದು ಅಂದು ಇಲ್ಲಿ ನಿಂತಿದ್ದರು. ಮೊದಲ ಬರಹವು ಬಿಳಿಯ ವಲಸಿಗರ ಒಂದೇ ದೃಷ್ಟಿಯಿಂದ ಬರೆದುದೆಂದು ಈ ಎರಡನೆಯ ಫಲಕ ಸೌಮ್ಯವಾಗಿ, ಆದರೆ ನಿಸ್ಸಂದೇಹವಾಗಿ ಹೇಳುತ್ತದೆ. ತಮ್ಮ ನೆಲವನ್ನು ಕಾಯುವ ಹಕ್ಕು ಆ ಜನರಿಗಿತ್ತು. ಮೂವರ ಸಾವಿಗೆ ಹಿನ್ನೆಲೆಯಾಗಿ ಕೆಣಕುವಿಕೆಯ ಇತಿಹಾಸವೊಂದಿತ್ತು. ದಂಡಿಸಲು ಹೋದ ತಂಡದ ಕೈಯಲ್ಲಿ ಸುಮಾರು ಇಪ್ಪತ್ತು ಮಂದಿ ಮೂಲನಿವಾಸಿಗಳು ಸತ್ತರು. ಶಸ್ತ್ರಸಜ್ಜಿತರಾದ ಬಿಳಿಯರಲ್ಲಿ ಒಬ್ಬನಿಗೂ ಗಾಯವಾಗಲಿಲ್ಲ. ಸಾರಾಂಶವಿಷ್ಟೇ. ಮೊದಲ ಫಲಕವನ್ನು ಯಾರೂ ಕಿತ್ತಿಲ್ಲ, ಬ್ರೌನನ ಪ್ರತಿಮೆಯನ್ನು ಯಾರೂ ಒಡೆದಿಲ್ಲ. ಎಂಬತ್ತೊಂದು ವರ್ಷ ಒಂದೇ ಮಾತನ್ನು ಆಡುತ್ತಿದ್ದ ಕಲ್ಲಿಗೆ ಎದುರು ಮಾತೊಂದು ದೊರೆಯಿತು.

ಆ ಕ್ಷಣದಲ್ಲಿ ನನಗೆ ನೆನಪಾದದ್ದು ನನ್ನದೇ ತರಗತಿ. ಮೂವತ್ತು ವರ್ಷ ಉಪಾಧ್ಯಾಯನಾಗಿದ್ದವನು ನಾನು. ಆಸ್ಟ್ರೇಲಿಯಾವನ್ನು ಕಂಡುಹಿಡಿದವರು ಯಾರೆಂದು ಕೇಳಿ, ಕ್ಯಾಪ್ಟನ್ ಕುಕ್, 1770 ಎಂಬ ಉತ್ತರಕ್ಕೆ ಅಂಕ ಕೊಡುತ್ತಿದ್ದೆ. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಗುರುಗಳೇ, ಕುಕ್ ಬರುವ ಮೊದಲು ಅಲ್ಲಿ ಜನ ಇರಲಿಲ್ಲವೇ?" ಎಂದು ಕೇಳಿದ. "ಪುಸ್ತಕದಲ್ಲಿರುವುದನ್ನು ಬರೆ, ಅಂಕ ಬರುತ್ತದೆ" ಎಂದು ಕೂರಿಸಿದೆ. ಜನರಿದ್ದರು. ಐವತ್ತು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಇದ್ದರು. ಯುರೋಪಿನವರನ್ನೇ ಲೆಕ್ಕಕ್ಕೆ ಹಿಡಿದರೂ ಡಚ್ಚರ ಹಡಗು 1606ರಲ್ಲಿಯೇ ಆ ಕರಾವಳಿಯನ್ನು ಮುಟ್ಟಿತ್ತು. ಹುಡುಗನ ಪ್ರಶ್ನೆ ಸರಿಯಾಗಿತ್ತು, ಗುರುವಿನ ಉತ್ತರ ತಪ್ಪಾಗಿತ್ತು. ಅವನು ಈಗ ಎಲ್ಲಿದ್ದಾನೋ ತಿಳಿಯದು. ಕಂಡರೆ ಕ್ಷಮೆ ಕೇಳಬೇಕೆಂಬ ಆಸೆ ಉಳಿದಿದೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ತಮ್ಮನ ಮಗನು ಕಡಲಿನತ್ತ ಕೈತೋರಿಸಿ ರಾಟ್‌ನೆಸ್ಟ್ ದ್ವೀಪದ ವಿಷಯ ಹೇಳಿದ. 1696ರಲ್ಲಿ ಡಚ್ ನಾವಿಕ ವ್ಲಾಮಿಂಗ್ ಅಲ್ಲಿ ಇಳಿದಾಗ ಕ್ವೊಕ್ಕಾ ಎಂಬ ಪುಟ್ಟ ಪ್ರಾಣಿಗಳನ್ನು ದೊಡ್ಡ ಇಲಿಗಳೆಂದು ತಿಳಿದು, ದ್ವೀಪಕ್ಕೆ ಇಲಿಗೂಡು ಎಂಬ ಅರ್ಥದ ಹೆಸರಿಟ್ಟನಂತೆ. ಆ ನೆಲದ ಒಡೆಯರಾದ ನೂಂಗಾರ್ ಜನರು ಅದನ್ನು ವಾಜಮಪ್ ಎನ್ನುತ್ತಾರೆ. ಇಂದು ಪ್ರವಾಸಿಗರು ಸಂತೋಷದಿಂದ ವಿಹರಿಸುವ ಈ ದ್ವೀಪ 1838ರಿಂದ ದಶಕಗಳ ಕಾಲ ಮೂಲನಿವಾಸಿಗಳ ಸೆರೆಮನೆಯಾಗಿತ್ತು. ಸುಮಾರು ನಾಲ್ಕು ಸಾವಿರ ಗಂಡಸರನ್ನೂ ಹುಡುಗರನ್ನೂ ಅಲ್ಲಿಗೆ ಒಯ್ದರು. 370ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಣ್ಣಾದರು. ಪ್ರಾಣಿಯ ಗುರುತನ್ನೇ ತಪ್ಪಾಗಿ ಹಿಡಿದು ಇಟ್ಟ ಹೆಸರು ಭೂಪಟದಲ್ಲಿ ಮೂರು ಶತಮಾನ ನಿಂತಿತು. ಸತ್ತವರ ಸಮಾಧಿಯ ಮೇಲೆ ಬಹುಕಾಲ ಒಂದು ಗುರುತೂ ಇರಲಿಲ್ಲ.

ಹೆಸರಿನ ಈ ಪ್ರಶ್ನೆ ಆ ಖಂಡದಲ್ಲೆಲ್ಲ ಹರಡಿಕೊಂಡಿದೆ. ಮರುಭೂಮಿಯ ನಡುವೆ 348 ಮೀಟರ್ ಎತ್ತರಕ್ಕೆ ಎದ್ದು ನಿಂತ ಕೆಂಪು ಬಂಡೆಯನ್ನು ಅಲ್ಲಿನ ಅನಂಗು ಜನರು ಉಲುರು ಎಂದು ಪೂಜ್ಯಭಾವದಿಂದ ಕರೆಯುತ್ತಾರೆ. 1873ರಲ್ಲಿ ಗಾಸ್ ಎಂಬ ಅನ್ವೇಷಕ ಅದಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಅಧಿಕಾರಸ್ಥನಾಗಿದ್ದ ಹೆನ್ರಿ ಏಯರ್ಸ್ ಎಂಬವನ ಹೆಸರನ್ನಿಟ್ಟ. 1985ರಲ್ಲಿ ಬಂಡೆಯ ಒಡೆತನ ಅನಂಗು ಜನರಿಗೆ ಮರಳಿತು. 1993ರಲ್ಲಿ ಎರಡು ಹೆಸರುಗಳೂ ಅಧಿಕೃತವಾಗಿ ಜೊತೆಗೂಡಿದವು. 2002ರಲ್ಲಿ ಉಲುರು ಎಂಬುದೇ ಮೊದಲಿಗೆ ಬಂದಿತು. 2019ರ ಅಕ್ಟೋಬರ್‌ನಿಂದ ಬಂಡೆಯನ್ನು ಹತ್ತುವುದನ್ನೂ ನಿಲ್ಲಿಸಿದ್ದಾರೆ. ಉತ್ತರದ ಕಿಂಬರ್ಲಿ ಪ್ರದೇಶದ ಬೆಟ್ಟಸಾಲಿಗೆ ಅಲೆಕ್ಸಾಂಡರ್ ಫಾರೆಸ್ಟ್ 1879ರಲ್ಲಿ ಬೆಲ್ಜಿಯಂನ ದೊರೆ ಲಿಯೋಪೋಲ್ಡನ ಹೆಸರಿಟ್ಟಿದ್ದ. ಕಾಂಗೋ ದೇಶದ ಜನರ ರಕ್ತ ಹೀರಿದ ಆ ದೊರೆ ಈ ಬೆಟ್ಟಗಳನ್ನು ಕಂಡವನೂ ಅಲ್ಲ. 2020ರಲ್ಲಿ ಅವು ವುನಾಮಿನ್ ಮಿಲಿವುಂಡಿ ಎಂಬ ಹೆಸರನ್ನು ಪಡೆದವು. ಪೂರ್ವದ ಫ್ರೇಸರ್ ದ್ವೀಪ 2023ರಲ್ಲಿ ತನ್ನ ಹಳೆಯ ಹೆಸರಾದ ಗರಿ ಎಂಬುದಕ್ಕೆ ಹಿಂದಿರುಗಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. 1770ರಲ್ಲಿ ಕುಕ್‌ನ ಹಡಗು ಹವಳದ ದಿಬ್ಬಕ್ಕೆ ತಾಗಿ ಒಡೆದಾಗ, ಅದನ್ನು ದುರಸ್ತಿ ಮಾಡಲು ಅವನ ಜನ ಕೆಲವು ವಾರ ಒಂದು ನದಿಯ ಮುಖದಲ್ಲಿ ತಂಗಿದರು. ಅಲ್ಲಿನ ಗೂಗು ಯಿಮಿದಿರ್ ಜನರಿಂದ ಒಂದು ಪ್ರಾಣಿಯ ಹೆಸರನ್ನು ಕೇಳಿ ಬರೆದುಕೊಂಡರು. ಜಗತ್ತಿಗೆಲ್ಲ ಪರಿಚಿತವಾದ ಕಾಂಗರೂ ಎಂಬ ಶಬ್ದ ಅಲ್ಲಿಂದ ಬಂದುದು. ಆದರೆ ಅದೇ ನದಿಗೆ ಕುಕ್ ತನ್ನ ಹಡಗಿನ ಹೆಸರನ್ನಿಟ್ಟ. ಪ್ರಾಣಿಗೆ ಆ ಜನರ ಹೆಸರು ಉಳಿಯಿತು, ನದಿಗೆ ಉಳಿಯಲಿಲ್ಲ. ಪ್ರಾಣಿಯ ಹೆಸರನ್ನು ಕೇಳಿದರೆ ಏನೂ ಹೋಗದು. ನದಿಯ ಹೆಸರನ್ನು ಕೇಳಿದರೆ ಅದಕ್ಕೆ ಒಡೆಯರಿದ್ದಾರೆಂದು ಒಪ್ಪಬೇಕಾಗುತ್ತದೆ. ಆ ಖಂಡ ಯಾರಿಗೂ ಸೇರದ ನೆಲವಾಗಿತ್ತೆಂಬ ವಾದವನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 1992ರ ಮಾಬೊ ತೀರ್ಪಿನಲ್ಲಿ.

ಪ್ರತಿಮೆಗಳ ಕಥೆ ಹೆಸರಿಗಿಂತ ಕಠಿಣವಾದುದು. ಸಿಡ್ನಿಯ ಹೈಡ್ ಪಾರ್ಕಿನಲ್ಲಿ 1879ರಿಂದ ನಿಂತಿರುವ ಕುಕ್ ಪ್ರತಿಮೆಯ ಪೀಠ ಅವನು ಆ ಪ್ರದೇಶವನ್ನು ಕಂಡುಹಿಡಿದನೆಂದೇ ಸಾರುತ್ತದೆ. ಅದೇ ಉದ್ಯಾನದಲ್ಲಿ 2013ರಲ್ಲಿ ನಿಲ್ಲಿಸಿದ ಗವರ್ನರ್ ಮ್ಯಾಕ್ವಾರಿಯ ಪ್ರತಿಮೆಯೂ ಇದೆ. ಕನ್ನಡಿಗರಾದ ನಾವು ಈ ಹೆಸರನ್ನು ಗಮನಿಸಬೇಕು. ಈ ಮ್ಯಾಕ್ವಾರಿ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಬ್ರಿಟಿಷ್ ಸೈನ್ಯದ ಅಧಿಕಾರಿಗಳಲ್ಲಿ ಒಬ್ಬ. 1810ರಲ್ಲಿ ಗವರ್ನರನಾಗಿ ಸಿಡ್ನಿಗೆ ಬಂದು, ಶಿಕ್ಷೆ ಮುಗಿಸಿದ ಕೈದಿಗಳಿಗೆ ಉದ್ಯೋಗವನ್ನೂ ಮರ್ಯಾದೆಯನ್ನೂ ಕೊಟ್ಟ, ರಸ್ತೆ ಕಟ್ಟಡಗಳನ್ನು ಕಟ್ಟಿಸಿದ. ಅದೇ ಮನುಷ್ಯ 1816ರಲ್ಲಿ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿ, ಎದುರಿಸಿದವರನ್ನು ಗುಂಡಿಕ್ಕಿ ಹೆಣಗಳನ್ನು ಮರಗಳಿಗೆ ನೇತುಹಾಕಲು ಆಜ್ಞಾಪಿಸಿದ. ಆ ಏಪ್ರಿಲಿನಲ್ಲಿ ಆಪಿನ್ ಎಂಬಲ್ಲಿ ಹೆಂಗಸರು ಮಕ್ಕಳು ಸೇರಿ ಕನಿಷ್ಠ ಹದಿನಾಲ್ಕು ಮಂದಿ ಸತ್ತರು. ಕೆಲವರು ಓಡಿಹೋಗುವಾಗ ಕಮರಿಗೆ ಬಿದ್ದು ಪ್ರಾಣಬಿಟ್ಟರು. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು. ಪ್ರತಿಮೆಗೆ ಮಾತ್ರ ಒಂದೇ ಮುಖ.

ಟಾಸ್ಮೇನಿಯಾದ ಹೋಬಾರ್ಟ್ ನಗರದ ಪ್ರಕರಣ ಇನ್ನೂ ಹತ್ತಿರದ್ದು. ಅಲ್ಲಿ 1889ರಲ್ಲಿ ನಿಲ್ಲಿಸಿದ್ದ ವಿಲಿಯಂ ಕ್ರೌದರ್ ಎಂಬವನ ಪ್ರತಿಮೆಯಿತ್ತು. ಅವನು ವೈದ್ಯ, ಆ ವಸಾಹತಿನ ಪ್ರಧಾನಿಯೂ ಆಗಿದ್ದವನು. 1869ರಲ್ಲಿ ವಿಲಿಯಂ ಲ್ಯಾನಿ ಎಂಬ ಮೂಲನಿವಾಸಿ ಸತ್ತಾಗ, ಶವಾಗಾರದಲ್ಲಿ ಅವನ ತಲೆಬುರುಡೆಯನ್ನು ತೆಗೆದುಕೊಂಡನೆಂಬ ಆರೋಪಕ್ಕೆ ಗುರಿಯಾಗಿ ಆಸ್ಪತ್ರೆಯ ಹುದ್ದೆಯಿಂದ ಅಮಾನತಾದವನು. ಬಹಳ ಚರ್ಚೆಯ ಬಳಿಕ ನಗರಸಭೆ 2022ರಲ್ಲಿ ಪ್ರತಿಮೆಯನ್ನು ತೆಗೆಯಲು ತೀರ್ಮಾನಿಸಿತು. ತೀರ್ಮಾನ ಜಾರಿಯಾಗುವ ಮುನ್ನವೇ 2024ರ ಮೇ ತಿಂಗಳಿನಲ್ಲಿ ಯಾರೋ ಅದನ್ನು ಪಾದದ ಬಳಿ ಕೊಯ್ದು ಕೆಡವಿದರು.

ತೆಗೆಯಬಾರದೆನ್ನುವವರ ವಾದವನ್ನು ನಾವು ಹಗುರವಾಗಿ ಕಾಣಬಾರದು. ಇಂದಿನ ನೀತಿಯಿಂದ ಅಂದಿನವರನ್ನು ಅಳೆಯುವುದು ಅನ್ಯಾಯ, ಕಲ್ಲನ್ನು ಕಿತ್ತರೆ ಇತಿಹಾಸವೇ ಅಳಿಯುತ್ತದೆ, ಇದು ನಮ್ಮ ಪೂರ್ವಿಕರ ಕಷ್ಟದ ನೆನಪು ಎಂದು ಅವರು ಹೇಳುತ್ತಾರೆ. ಅವರೆಲ್ಲರೂ ಕ್ರೂರಿಗಳಲ್ಲ. ಮೂಲನಿವಾಸಿಗಳ ಅಭಿಪ್ರಾಯ ಮಂಡನೆಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಪ್ರಸ್ತಾಪವನ್ನು 2023ರ ಜನಮತಗಣನೆಯಲ್ಲಿ ನೂರಕ್ಕೆ ಸುಮಾರು 60 ಮಂದಿ ತಿರಸ್ಕರಿಸಿದರು. ದೇಶದ ಮನಸ್ಸು ಇನ್ನೂ ಒಂದಾಗಿಲ್ಲ. ಇನ್ನೊಂದು ಕಡೆಯವರು ಕೇಳುವುದೂ ಸರಳವಾಗಿದೆ: ನಮ್ಮ ಅಜ್ಜನನ್ನು ಕೊಂದವನ ಪ್ರತಿಮೆಯ ಕೆಳಗೆ ನಮ್ಮ ಮೊಮ್ಮಕ್ಕಳು ದಿನವೂ ಏಕೆ ನಡೆಯಬೇಕು?

ನನ್ನ ಅಲ್ಪ ತಿಳಿವಳಿಕೆಗೆ ತೋಚುವುದು ಇಷ್ಟು. ನೆನಪು ಬೇರೆ, ಸನ್ಮಾನ ಬೇರೆ. ನೆನಪಿಗೆ ಗ್ರಂಥಗಳಿವೆ, ವಸ್ತುಸಂಗ್ರಹಾಲಯಗಳಿವೆ. ಎತ್ತರದ ಪೀಠ ಸನ್ಮಾನದ ಸ್ಥಾನ. ಶವಕ್ಕೂ ಗೌರವ ಕೊಡಲಿಲ್ಲವೆಂಬ ಅಪಕೀರ್ತಿ ಹೊತ್ತವನನ್ನು ಪೀಠದಿಂದ ಇಳಿಸಿದರೆ ಇತಿಹಾಸಕ್ಕೆ ನಷ್ಟವಿಲ್ಲ. ಆದರೆ ಅದು ಹಗಲಿನಲ್ಲಿ, ಸಭೆಯಲ್ಲಿ, ಎಲ್ಲರ ಮಾತು ಕೇಳಿ ಆಗಬೇಕು, ಗರಗಸದಿಂದಲ್ಲ. ಹೆಸರಿನ ವಿಷಯದಲ್ಲಿ, ಹಳೆಯದನ್ನು ಮರಳಿಸುವುದು ಹೊಸದನ್ನು ಹೇರಿದಂತಲ್ಲ. ಎರಡು ಹೆಸರುಗಳು ಕೆಲವು ಕಾಲ ಜೊತೆಗಿದ್ದರೆ ನಾಲಿಗೆಯೂ ಮನಸ್ಸೂ ಹದಕ್ಕೆ ಬರುತ್ತವೆ ಎಂಬುದಕ್ಕೆ ಉಲುರು ಸಾಕ್ಷಿ. ಉಳಿದ ಕಲ್ಲುಗಳಿಗೆ ಫ್ರೀಮ್ಯಾಂಟಲ್‌ನ ಮಾರ್ಗ ಮೇಲೆಂದು ನನಗೆ ಕಾಣುತ್ತದೆ. ಅದರಲ್ಲಿಯೂ ಕೊರತೆಯಿದೆ: ಬ್ರೌನ್ ಈಗಲೂ ಮೇಲೆ ಇದ್ದಾನೆ, ಸತ್ತ ಇಪ್ಪತ್ತು ಜನರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಆದರೂ ಅಲ್ಲಿಗೆ ಬಂದವನು ಎರಡನ್ನೂ ಓದಿ ತಾನೇ ವಿಚಾರ ಮಾಡಬೇಕಾಗುತ್ತದೆ.

ಹೊರಡುವ ಮುನ್ನ ತಮ್ಮನ ಮೊಮ್ಮಗಳು ಬಂದು ನನ್ನ ಕೈ ಹಿಡಿದಳು. "ಅಜ್ಜಾ, ನಮ್ಮ ಶಾಲೆಯಲ್ಲಿ ಸಭೆ ಶುರುವಾಗುವಾಗ ಮೊದಲು ಈ ನೆಲದ ಹಿರಿಯರನ್ನು ನೆನೆಯುತ್ತೇವೆ. ಇದು ಫ್ರೀಮ್ಯಾಂಟಲ್ ಅಷ್ಟೇ ಅಲ್ಲ, ವಾಲ್ಯಾಲಪ್" ಎಂದಳು. ಆ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಎರಡು ಮೂರು ಬಾರಿ ಬೇಕಾಯಿತು. ಮಗು ತಾಳ್ಮೆಯಿಂದ ತಿದ್ದಿದಳು. ಓದುಗ ಬಂಧುಗಳ ಮಕ್ಕಳು ಮೊಮ್ಮಕ್ಕಳು ಇಂದು ಆ ದೇಶದ ಅನೇಕ ನಗರಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಾಣಲು ಹೋದಾಗ ಬೀಚು ಸೇತುವೆಗಳನ್ನು ಅವಶ್ಯವಾಗಿ ನೋಡಿರಿ. ಜೊತೆಗೆ ನಿಂತ ನೆಲದ ಹಳೆಯ ಹೆಸರೇನೆಂದು ಒಮ್ಮೆ ಕೇಳಿರಿ. ಅತಿಥಿಗಳಾಗಿ ಹೋದವರು ಮನೆಯ ಒಡೆಯರ ಹೆಸರನ್ನು ತಿಳಿದುಕೊಳ್ಳುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆಯೇ ಆಗಿದೆ.