ಆಟಕ್ಕೆ ಮುಂಚಿನ ಮಾತು

ಮುಂದಾಗುವುದನ್ನು ಮುಂಚಿತವಾಗಿಯೇ ಅರಿಯಬೇಕೆಂಬ ಹಂಬಲವು ಮನುಷ್ಯನ ಬೆನ್ನಿಗೆ ಹುಟ್ಟಿನೊಡನೆಯೇ ಬಂದದ್ದು. ಯುಗಾದಿಯ ದಿನ ಬೇವುಬೆಲ್ಲದ ರುಚಿ ನಾಲಗೆಯಿಂದ ಇಳಿಯುವ ಮೊದಲೇ ಪಂಚಾಂಗವು ಬಿಚ್ಚಿಕೊಳ್ಳುತ್ತದೆ. ರೋಹಿಣಿ ಮಳೆಯ ವಾಹನವೇನು, ಮೃಗಶಿರದ್ದೇನು, ಧಾನ್ಯದ ಧಾರಣೆ ಏರುವುದೋ ಇಳಿಯುವುದೋ ಎಂದು ಪಡಸಾಲೆಯಲ್ಲಿ ಕುಳಿತವರೆಲ್ಲ ಕಿವಿಗೊಡುತ್ತಾರೆ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯೊಳಗೆ ಗೊರವಯ್ಯನು ಬಿಲ್ಲನ್ನೇರಿ ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ; ಆ ಒಂದು ಮಾತಿಗೆ ರೈತನು ಒಂದು ಅರ್ಥ, ವ್ಯಾಪಾರಿಯು ಒಂದು ಅರ್ಥ, ರಾಜಕಾರಣಿಯು ಮತ್ತೊಂದು ಅರ್ಥ ಹಚ್ಚಿಕೊಂಡು ಊರಿಗೆ ಮರಳುತ್ತಾರೆ. ಕಾರ್ಣಿಕದ ಜಾಣತನವಿರುವುದೇ ಅಲ್ಲಿ: ಅದು ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹಿಡಿದು ಹೇಳುವ ಭವಿಷ್ಯದ ದಾರಿ ಬೇರೆ. ಅದರ ಹೊಣೆಯೂ ಬೇರೆ.

ಎಂ.ಕೆ. ಹುಬ್ಬಳ್ಳಿ ಎಂದು ಬಸ್ಸಿನ ಹಲಗೆಯ ಮೇಲೆ ಮೊಟಕಾಗಿ ಬರೆಯಿಸಿಕೊಳ್ಳುವ ಮುಗುಟಖಾನ ಹುಬ್ಬಳ್ಳಿಯು ಮಲಪ್ರಭೆಯ ದಂಡೆಯ ಊರು. ಬೆಳಗಾವಿ ಧಾರವಾಡಗಳ ನಡುವಿನ ಹೆದ್ದಾರಿ ಅದರ ಮಗ್ಗುಲಿಗೇ ಹಾಯ್ದಿದೆ. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯ ಐಕ್ಯಸ್ಥಳವು ಇಲ್ಲಿಯ ಹೊಳೆಯಲ್ಲಿರುವುದರಿಂದ ಯಾತ್ರಿಕರೂ, ಸಕ್ಕರೆ ಕಾರಖಾನೆಯಿರುವುದರಿಂದ ಕಬ್ಬಿನ ಗಾಡಿಗಳೂ ಊರಿಗೆ ಹೊಸತಲ್ಲ. ಇಂಥ ಊರಿನಲ್ಲಿ ಬಾಸ್ಕೆಟ್ ಬಾಲ್ ಆಟದ ಭವಿಷ್ಯವನ್ನು ನುಡಿಯುವ ಒಬ್ಬ ಹಿರಿಯರಿದ್ದಾರೆಂದರೆ ವಾಚಕರು ನಕ್ಕಾರು. ಕುಸ್ತಿಯ ಜೋಡಿಗಳನ್ನು ಕುರಿತು ಪಂಥ ಕಟ್ಟುವ ನಾಡಿದು; ಕಬಡ್ಡಿ, ಖೊಖೊಗಳ ನಾಡು. ಬುಟ್ಟಿಯೊಳಗೆ ಚೆಂಡು ಹಾಕುವ ಆಟಕ್ಕೆ ಇಲ್ಲಿ ಭವಿಷ್ಯವಾದಿಯೇ? ಆದರೂ ಇದ್ದಾರೆ. ಅವರು ನಿವೃತ್ತ ವ್ಯಾಯಾಮ ಶಿಕ್ಷಕರು. ಊರವರಿಗೆ ಅವರು ಬರಿಯ ‘ಮಾಸ್ತರರು’.

ಮಾಸ್ತರರಿಗೆ ಈ ಆಟದ ಮೇಲೆ ಅಕ್ಕರೆ ಹುಟ್ಟಲು ಕಾರಣವೂ ಉಂಟು. ಇದು ಅರಸರು ಕಂಡುಹಿಡಿದ ಆಟವಲ್ಲ, ಸೈನಿಕರದೂ ಅಲ್ಲ. ಅವರಂಥ ಒಬ್ಬ ವ್ಯಾಯಾಮ ಶಿಕ್ಷಕನದು. 1891ರ ಡಿಸೆಂಬರದಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು, ಹಿಮ ಬಿದ್ದು ಹೊರಗೆ ಆಡಲಾರದೆ ಬೇಸತ್ತ ಹುಡುಗರಿಗಾಗಿ, ಹಣ್ಣಿನ ಎರಡು ಬುಟ್ಟಿಗಳನ್ನು ಒಳಾಂಗಣದ ಮೇಲಟ್ಟದ ಕಟಕಟೆಗೆ ಹೊಡೆಯಿಸಿದನು. ಆ ಕಟಕಟೆಯ ಎತ್ತರ ಹತ್ತು ಅಡಿಯಿತ್ತು. ಆಟದ ನಿಯಮಗಳು ಎಷ್ಟೋ ಬದಲಾದವು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂತು. ಆ ಹತ್ತು ಅಡಿ ಮಾತ್ರ ಇಂದಿಗೂ ಹತ್ತು ಅಡಿಯೇ. ಮೊದಲನೆಯ ಪಂದ್ಯದಲ್ಲಿ ಪ್ರತಿಯೊಂದು ಪಕ್ಷಕ್ಕೆ ಒಂಬತ್ತು ಜನ ಆಡಿ, ಇಡಿಯ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಂದೇ ಸಲ! 1920ರಲ್ಲಿ ಹ್ಯಾರಿ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದ ತರುವಾಯ ಅಲ್ಲಿ ಕಲಿತು ಹೊರಟ ಶಿಕ್ಷಕರು ಇಂಥ ಆಟಗಳನ್ನು ತಮ್ಮ ತಮ್ಮ ಶಾಲೆಗಳಿಗೆ ಒಯ್ದರು. ‘ಶಿಕ್ಷಕನು ಮಾಡಿದ ಆಟವನ್ನು ಶಿಕ್ಷಕನೇ ಬಲ್ಲ’ ಎಂದು ಮಾಸ್ತರರು ತುಸು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಅದರ ಆಶ್ರಯಕ್ಕೆ ಬಂದವು. ವರ್ಷಕ್ಕೊಮ್ಮೆ ಕಾಲೇಜು ಕಾಲೇಜುಗಳ ನಡುವೆ ಪಂದ್ಯಗಳು ನಡೆಯುತ್ತವೆ. ಅವು ಆರಂಭವಾಗುವುದಕ್ಕೆ ತಿಂಗಳು ಮೊದಲೇ ಮಾಸ್ತರರ ವಹಿ ಹೊರಬೀಳುತ್ತಿತ್ತು. ಕಿರಾಣಿ ಅಂಗಡಿಯ ಲೆಕ್ಕದ ವಹಿಯಂತೆ ಉದ್ದನೆಯದು, ಕೆಂಪು ಹೊದಿಕೆಯದು. ಅದರಲ್ಲಿ ಐದು ತಂಡಗಳ ಹೆಸರು, ಒಂದರಿಂದ ಐದರವರೆಗೆ ಅಂಕೆ, ಪ್ರತಿಯೊಂದರ ಮುಂದೆ ಎರಡು ಸಾಲು ಷರಾ.

ಈ ಎಣಿಕೆಯು ಗಿಳಿಶಾಸ್ತ್ರದಂಥದೆಂದು ಯಾರೂ ತಿಳಿಯಬಾರದು. ಹೋದ ವರ್ಷ ಆಡಿದವರಲ್ಲಿ ಎಷ್ಟು ಜನ ಪದವಿ ಮುಗಿಸಿ ಹೋದರು, ಉಳಿದವರಲ್ಲಿ ಯಾರಿಗೆ ಪರೀಕ್ಷೆಯ ವಿಷಯಗಳು ಹಿಂದೆ ಬಿದ್ದಿವೆ, ಯಾವ ಕಾಲೇಜಿನ ಅಂಗಳ ಮಣ್ಣಿನದು, ಯಾವುದರದು ಸಿಮೆಂಟಿನದು, ಮಣ್ಣಿನಲ್ಲಿ ಚೆಂಡು ಪುಟಿಸಿ ರೂಢಿಯಾದವನು ಗಚ್ಚಿನ ಮೇಲೆ ಹೇಗೆ ಜಾರುವನು, ಸಂಜೆಯ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಆದಕಾರಣ ಹಳ್ಳಿಯ ಹುಡುಗರಿಗೆ ಅಭ್ಯಾಸಕ್ಕೆ ಎಷ್ಟು ಗಳಿಗೆ ದೊರೆಯುತ್ತದೆ – ಇವನ್ನೆಲ್ಲ ಅವರು ತೂಗಿ ನೋಡುತ್ತಿದ್ದರು. ಹೀಗಾಗಿ ಅವರ ಮಾತು ಹೆಚ್ಚಾಗಿ ನಿಜವಾಗುತ್ತಿತ್ತು. ನಿಜವಾದಷ್ಟೂ ಬಸ್ ನಿಲ್ದಾಣದ ಮಗ್ಗುಲಿನ ಚಹದ ಅಂಗಡಿಯಲ್ಲಿ ವಹಿಗೆ ಪ್ರತಿಷ್ಠೆ ಬೆಳೆಯಿತು. ಅದನ್ನು ಗಟ್ಟಿಯಾಗಿ ಓದುವುದೇ ಒಂದು ಸಮಾರಂಭವಾಯಿತು.

ಈ ಆಟದ ತವರಾದ ಅಮೇರಿಕೆಯಲ್ಲಿ ಇಂಥ ವಹಿಯು ಒಬ್ಬರ ಹವ್ಯಾಸವಾಗಿ ಉಳಿದಿಲ್ಲ. ಅದೊಂದು ಸಂಪ್ರದಾಯವೇ ಆಗಿದೆ. ಅಲ್ಲಿಯ ಕಾಲೇಜುಗಳು ಎಂಟು ಹತ್ತು ಸೇರಿ ಒಂದೊಂದು ಒಕ್ಕೂಟ ಕಟ್ಟಿಕೊಂಡಿರುತ್ತವೆ. ಆಟದ ಕಾಲವು ತೆರೆಯುವ ಮೊದಲು ಆ ತಂಡಗಳ ತರಬೇತುದಾರರೇ ಮತ ಹಾಕಿ, ಯಾರು ಮೊದಲು, ಯಾರು ಕಡೆ ಎಂದು ಪಟ್ಟಿ ಪ್ರಕಟಿಸುತ್ತಾರೆ. ತನ್ನ ತಂಡಕ್ಕೆ ತಾನೇ ಮತ ಕೊಟ್ಟುಕೊಳ್ಳಬಾರದೆಂಬ ನಿಯಮವೂ ಹಲವೆಡೆ ಉಂಟು. ಇಷ್ಟು ಜನ ಬಲ್ಲವರು ಕೂಡಿ ಹೇಳಿದ ಮೇಲೆ ತಪ್ಪಲಾರದೆಂದು ತೋರೀತು. ಆದರೆ 2023ರ ಮಾರ್ಚದಲ್ಲಿ ನಡೆದದ್ದನ್ನು ನೋಡಿರಿ. ನ್ಯೂಜರ್ಸಿಯ ಫೇರ್ಲಿ ಡಿಕಿನ್ಸನ್ ಎಂಬ ಕಾಲೇಜಿನ ತಂಡವು ಹಿಂದಿನ ವರ್ಷ 4 ಪಂದ್ಯ ಗೆದ್ದು 22 ಸೋತಿತ್ತು. ಆ ವರ್ಷ ತನ್ನ ಸಣ್ಣ ಒಕ್ಕೂಟದ ಅಂತಿಮ ಪಂದ್ಯವನ್ನೂ ಅದು ಗೆದ್ದಿರಲಿಲ್ಲ. ಗೆದ್ದ ತಂಡಕ್ಕೆ ನಿಯಮದಂತೆ ಅರ್ಹತೆಯಿಲ್ಲದ್ದರಿಂದ ರಾಷ್ಟ್ರೀಯ ಪಂದ್ಯಾವಳಿಯ ಅವಕಾಶ ಇದಕ್ಕೆ ದೊರೆಯಿತು. ಮೇಲ್ದರ್ಜೆಯ ಎಲ್ಲ ಕಾಲೇಜು ತಂಡಗಳಲ್ಲಿ ಅತಿ ಗಿಡ್ಡರ ತಂಡವಿದು. ಎದುರಿಗೆ ಬಂದದ್ದು ಏಳಡಿ ನಾಲ್ಕು ಅಂಗುಲ ಎತ್ತರದ ಆಟಗಾರನುಳ್ಳ ಪರ್ಡ್ಯೂ ವಿಶ್ವವಿದ್ಯಾಲಯ. ಗಿಡ್ಡರು 63, ಎತ್ತರದವರು 58! ಎರಡು ದಿನಗಳ ಮೇಲೆ ಅದೇ ಗಿಡ್ಡರು ಮುಂದಿನ ಪಂದ್ಯದಲ್ಲಿ ಸೋತರೆಂಬುದೂ ನಿಜ. ಆದರೆ ಆ ಒಂದು ರಾತ್ರಿಯನ್ನು ಯಾವ ಪಟ್ಟಿಯೂ ಮೊದಲು ಬರೆದಿರಲಿಲ್ಲ.

ಮಾಸ್ತರರು ಈ ಕಥೆಯನ್ನು ಹುಡುಗರಿಗೆ ರಸವತ್ತಾಗಿ ಹೇಳಿದ್ದುಂಟು. ಹೇಳಿದ್ದನ್ನು ತಾವೇ ಮರೆತದ್ದೂ ಉಂಟು.

ಒಂದು ವರ್ಷ ಅವರ ಪಟ್ಟಿಯಲ್ಲಿ ಐದನೆಯದಾಗಿ ನಿಂತ ತಂಡದ ಮುಂದೆ ಹೀಗೆ ಷರಾ ಬಿತ್ತು: ‘ಮೊದಲ ಪಂದ್ಯಕ್ಕೇ ಮನೆಗೆ. ಎತ್ತರದ ಹುಡುಗನೊಬ್ಬನಿದ್ದಾನೆ, ಒಬ್ಬನಿಂದ ಏನಾದೀತು?’ ಚಹದ ಅಂಗಡಿಯಲ್ಲಿ ಇದನ್ನು ಓದಿದಾಗ ಜನ ನಕ್ಕರು. ಎತ್ತರದ ಹುಡುಗನು ಅದೇ ಊರಿನವನು, ಬಿ.ಎ. ಎರಡನೆಯ ವರ್ಷದಲ್ಲಿದ್ದನು. ತಂದೆ ಕಂಡವರ ಹೊಲದಲ್ಲಿ ಕಬ್ಬಿನ ಕೆಲಸ ಮಾಡುವವನು. ಮಗನು ಸಂಜೆ ಅಭ್ಯಾಸಕ್ಕೆ ನಿಂತು ಕಡೆಯ ಬಸ್ಸಿಗೆ ಬಂದರೆ ಮನೆಯ ಎರಡು ತಾಸಿನ ದುಡಿತಕ್ಕೆ ಕೊರತೆ. ಏನೋ ಆಡುತ್ತಾನೆ, ಹೆಸರು ತಂದಾನು ಎಂಬ ಒಂದು ಎಳೆಯ ಆಸೆಯಿಂದ ತಂದೆ ಅದನ್ನು ಸೈರಿಸಿಕೊಂಡಿದ್ದನು. ಓದು ನಡೆದ ದಿನ ಆ ತಂದೆ ಅಂಗಡಿಯ ಹೊರಗಿನ ಬಾಕಿನ ಮೇಲೆ ಕುಳಿತಿದ್ದನೆಂಬುದನ್ನು ಮಾಸ್ತರರು ನೋಡಿರಲಿಲ್ಲ.

ಪಂದ್ಯದ ದಿನ ಬಂತು. ಐದನೆಯ ತಂಡವು ಮೊದಲ ಪಂದ್ಯಕ್ಕೇ ಸೋತಿತು, ಕೇವಲ ನಾಲ್ಕು ಅಂಕಗಳಿಂದ. ಮಾಸ್ತರರು ಅಂಗಳದ ಅಂಚಿಗೆ ಕುಳಿತು ನೋಡಿದರು. ಬಳೆಗೆ ಬಡಿದು ಮರಳಿದ ಚೆಂಡು ಮತ್ತೆ ಮತ್ತೆ ಎದುರಿನವರ ಕೈಗೇ ಹೋಗುತ್ತಿತ್ತು. ಅದನ್ನು ಮೇಲಿಂದಲೇ ಕೀಳಬಲ್ಲ ಎರಡು ಕೈಗಳು ಆ ತಂಡದಲ್ಲಿರಲಿಲ್ಲ. ಎತ್ತರದ ಹುಡುಗನೆಲ್ಲಿ ಎಂದು ಕೇಳಿದರು. ‘ಅಂವ ಬಿಟ್ಟು ತಿಂಗಳಾತ್ರಿ ಸರ’ ಎಂದು ಒಬ್ಬನು ಹೇಳಿದನು.

ಊರಿಗೆ ಮರಳಿದಾಗ ಚಹದ ಅಂಗಡಿಯಲ್ಲಿ ಜಯಜಯಕಾರ. ‘ಮಾಸ್ತರರ ಮಾತು ಎಂದಾದರೂ ಸುಳ್ಳಾದೀತೆ?’ ಎಂದು ಎಲ್ಲರೂ ಹೊಗಳಿದರು. ಐದಕ್ಕೆ ಐದೂ ಸರಿಯಾದ ವರ್ಷವದು. ಅಂದು ಅವರಿಗೆ ಚಹ ಸೇರಲಿಲ್ಲ.

ತಪ್ಪಿದ ಭವಿಷ್ಯದಿಂದ ಹೇಳಿದವನಿಗೆ ನಗೆಪಾಟಲು. ಅಷ್ಟರಿಂದ ಯಾರ ಮನೆಯೂ ಮುಳುಗುವುದಿಲ್ಲ. ನಿಜವಾದ ಭವಿಷ್ಯವನ್ನು ಮಾತ್ರ ಯಾರೂ ತಿರುಗಿ ವಿಚಾರಿಸುವುದಿಲ್ಲ. ಅದು ತಾನಾಗಿ ನಿಜವಾಯಿತೋ, ಹೇಳಿದ್ದರಿಂದ ನಿಜವಾಯಿತೋ ಎಂದು ಕೇಳುವ ರೂಢಿಯೇ ಇಲ್ಲ. ಮಳೆಯ ವಿಷಯದಲ್ಲಿ ಈ ಭಯವಿಲ್ಲ. ಪಂಚಾಂಗವನ್ನು ಕೇಳಿ ಮೋಡವು ಹಿಂದೆಗೆಯುವುದಿಲ್ಲ. ಮನುಷ್ಯನು ಮೋಡವಲ್ಲ. ತನ್ನನ್ನು ಕುರಿತು ಆಡಿದ್ದನ್ನು ಅವನು ಕೇಳಿಸಿಕೊಳ್ಳುತ್ತಾನೆ. ಕೇಳಿಸಿಕೊಂಡು ಹೆಜ್ಜೆ ಮುಂದಿಡುತ್ತಾನೆ ಇಲ್ಲವೆ ಹಿಂದಿಡುತ್ತಾನೆ.

ಇದನ್ನು ತಿಳಿಯಲು ಆ ಸೀಮೆಯವರು ದೂರ ಹೋಗಬೇಕಾಗಿಲ್ಲ. 1824ರ ಅಕ್ಟೋಬರದಲ್ಲಿ ಕಂಪನಿ ಸರಕಾರದ ಅಧಿಕಾರಿಯಾದ ಥ್ಯಾಕರೆಯು ಕಿತ್ತೂರಿಗೆ ಬಂದಾಗ, ಒಬ್ಬ ವಿಧವೆ ರಾಣಿಯ ಸಂಸ್ಥಾನವು ತನ್ನೆದುರು ನಿಲ್ಲಲಾರದೆಂದೇ ಎಣಿಸಿದ್ದಿರಬೇಕು. ಬಲಾಬಲಗಳ ಲೆಕ್ಕ ಹಾಕಿದ ಯಾರೂ ಹಾಗೆಯೇ ಹೇಳುತ್ತಿದ್ದರು. ಅಕ್ಟೋಬರ 23ರಂದು ಆತನೇ ಕೋಟೆಯ ಮುಂದೆ ಬಿದ್ದನು. ಡಿಸೆಂಬರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಕಡೆಗೆ ಲೆಕ್ಕವೇ ಗೆದ್ದಿತೆನ್ನಬಹುದು. ಆದರೆ ಕಿತ್ತೂರಿನವರು ಪ್ರತಿವರ್ಷ ಉತ್ಸವ ಮಾಡುವುದು ಅಕ್ಟೋಬರ 23ಕ್ಕೇ ಹೊರತು ಡಿಸೆಂಬರದ ದಿನಕ್ಕಲ್ಲ. ಸೋಲು ಖಂಡಿತವೆಂದು ಮೊದಲೇ ಓದಿ ಹೇಳಿದ್ದನ್ನು ನಂಬಿ ಮನೆಯಲ್ಲಿ ಕುಳಿತಿದ್ದರೆ ಉತ್ಸವಕ್ಕೆ ಆ ದಿನವೇ ಇರುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಮಾಸ್ತರರು ಹೊಳೆಯ ದಂಡೆಯ ಹೊಲಗಳ ಕಡೆಗೆ ನಡೆದರು. ಕಾರಖಾನೆಯ ಹಂಗಾಮು ಆರಂಭವಾಗಿತ್ತು. ಹುಡುಗನು ಕಬ್ಬು ಕಡಿಯುವವರ ಸಾಲಿನಲ್ಲಿದ್ದನು. ಎಲ್ಲರಿಗಿಂತ ಒಂದು ತಲೆ ಮೇಲಿದ್ದುದರಿಂದ ಹುಡುಕುವ ಕಷ್ಟವಾಗಲಿಲ್ಲ. ಅವರನ್ನು ಕಂಡು ಕೊಯ್ತ ಕೆಳಗಿಟ್ಟು ಬಂದು ನಮಸ್ಕರಿಸಿದನು.

‘ಆಟ ಯಾಕ ಬಿಟ್ಟಿ ತಮ್ಮಾ?’

‘ಮೊದಲ್ನೇ ಪಂದ್ಯಕ್ಕ ಮನಿಗಿ ಬರೂದು ಖರೇನ ಇದ್ರ, ಒಂದ ತಿಂಗಳ ಮೊದ್ಲ ಬಾ ಅಂದ್ರಿ ಅಪ್ಪ. ನೀವು ಬರದದ್ದು ಸುಳ್ಳ ಆಗೂದಿಲ್ಲಂತ.’ ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವರಿಗೆ ಹೆಚ್ಚು ನಾಟಿತು. ‘ಮತ್ತ ಖರೇನ ಆತಲ್ರಿ ಸರ’ ಎಂದು ಅವನು ಸೇರಿಸಿದನು.

‘ಖರೆ ಆಗಲಿಲ್ಲೋ. ನಾನ ಮಾಡಿದೆ’ ಎಂದರು ಮಾಸ್ತರರು.

ಹುಡುಗನಿಗೆ ಅದರ ಅರ್ಥವಾಯಿತೋ ಇಲ್ಲವೋ ತಿಳಿಯದು. ತಂದೆಯು ತಲೆಯ ರುಮಾಲು ಬಿಚ್ಚಿಕೊಳ್ಳುತ್ತ ಹತ್ತಿರ ಬಂದನು. ಮಾಸ್ತರರು ಅವನೊಡನೆ ಬಹಳ ಹೊತ್ತು ಬದುವಿನ ಮೇಲೆ ಕುಳಿತು ಮಾತಾಡಿದರು. ಗೆಲುವಿನ ಆಶ್ವಾಸನೆಯನ್ನು ಮಾತ್ರ ಅವರು ಕೊಡಲಿಲ್ಲ. ಅದು ಇನ್ನೊಂದು ಭವಿಷ್ಯವೇ ಆಗುತ್ತಿತ್ತು. ಮುಂದಿನ ವರ್ಷ ಹುಡುಗನ ಕಡೆಯ ವರ್ಷವೆಂದೂ, ಪದವಿ ಮುಗಿದ ಮೇಲೆ ಕಬ್ಬು ಎಲ್ಲಿಗೂ ಓಡಿಹೋಗದೆಂದೂ, ಹತ್ತು ಅಡಿಯ ಬಳೆ ಮಾತ್ರ ಆಮೇಲೆ ಅವನಿಗೆ ಸಿಗದೆಂದೂ ಹೇಳಿದರು. ತಂದೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ‘ನೋಡೂಣ್ರಿ ಮಾಸ್ತರ್ರ’ ಎಂದನು. ಆ ಸೀಮೆಯಲ್ಲಿ ಅದು ಅರ್ಧ ಒಪ್ಪಿಗೆ.

ಮುಂದಿನ ವರ್ಷ ಶ್ರಾವಣ ಕಳೆದ ಮೇಲೆ ಚಹದ ಅಂಗಡಿಯವರು ವಹಿಯ ದಾರಿ ನೋಡಿದರು. ವಹಿ ಬಂತು. ಅದರಲ್ಲಿ ಐದು ಹೆಸರುಗಳಿದ್ದವು. ಪ್ರತಿಯೊಂದರ ಮುಂದೆ ಬಿಟ್ಟವರಾರು, ಸೇರಿದವರಾರು, ಅಂಗಳವೆಂಥದು, ಬಸ್ಸು ಎಷ್ಟು ಹೊತ್ತಿಗೆ ಎಂಬ ವಿವರವಿತ್ತು. ಅಂಕೆಗಳಿರಬೇಕಾದ ಎಡಗಡೆಯ ಅಂಚು ಬರಿದಾಗಿತ್ತು. ‘ಇದೆಂಥ ಭವಿಷ್ಯರಿ?’ ಎಂದು ಜನ ಗುಣುಗುಟ್ಟಿದರು. ಪಂಥ ಕಟ್ಟುವವರಿಗೆ ಬಹಳ ನಿರಾಶೆಯಾಯಿತು. ‘ಅಂಕಿ ಆಡಿದಮ್ಯಾಲ ಬರೀತೇನು’ ಎಂದು ಮಾಸ್ತರರು ವಹಿಯನ್ನು ಮುಚ್ಚಿದರು.

ಎತ್ತರದ ಹುಡುಗನು ಆ ವರ್ಷ ಆಡಿದನು. ಅವನ ತಂಡವು ಮೊದಲ ಪಂದ್ಯವನ್ನು ಗೆದ್ದು ಎರಡನೆಯದನ್ನು ಸೋತಿತು. ಯಾವ ಪತ್ರಿಕೆಯೂ ಅದನ್ನು ಬರೆಯಲಿಲ್ಲ. ಬರೆಯುವಂಥ ದೊಡ್ಡ ಸಂಗತಿಯೂ ಅದಲ್ಲ. ಆ ಮೊದಲ ಪಂದ್ಯದ ದಿನ ಅಂಗಳದ ಅಂಚಿಗೆ ಮಾಸ್ತರರ ಬದಿಗೆ ಒಬ್ಬ ರುಮಾಲಿನ ಮನುಷ್ಯನು ಕುಳಿತಿದ್ದನು. ಆಟದ ನಿಯಮವೊಂದೂ ಅವನಿಗೆ ಗೊತ್ತಿರಲಿಲ್ಲ. ಚೆಂಡು ಮೇಲಕ್ಕೆ ಹಾರಿದಾಗಲೆಲ್ಲ, ‘ಬೀಳ್ತದೇನ್ರಿ?’ ಎಂದು ಕೇಳುತ್ತಿದ್ದನು. ಮಾಸ್ತರರು ಪ್ರತಿಸಲವೂ, ‘ತಡೀರಿ, ನೋಡೂಣು’ ಎನ್ನುತ್ತಿದ್ದರು.