ದೀಪ ನೋಡಿ ಮಾತಾಡು

ಸೊಲ್ಲಾಪುರದ ನಮ್ಮ ಅಡತ ಅಂಗಡಿಯಲ್ಲಿ, ಗಾದಿಯ ಬದಿಗೆ ಟೆಲಿಫೋನು ಇಟ್ಟ ಮೇಜಿನ ಮೇಲ್ಗಡೆ, ಗೋಡೆಗೆ ಒಂದು ಕಾಗದ ಅಂಟಿಸಿದೆ. ಅದರ ಮೇಲೆ ನಮ್ಮ ತಂದೆಯವರ ಕೈಬರಹದಲ್ಲಿ ಮೂರೇ ಶಬ್ದ: ‘ದೀಪ ನೋಡಿ ಮಾತಾಡು.’ ಕನ್ನಡ ಬಲ್ಲ ಗಿರಾಕಿಗಳು ಅದನ್ನು ಯಾವುದೋ ಧರ್ಮವಚನವೆಂದು ತಿಳಿದು ತಲೆದೂಗುವುದುಂಟು. ಆದರೆ ಅದು ಬಸದಿಯ ದೀಪವಲ್ಲ, ಟೆಲಿಫೋನಿನ ಕೆಂಪು ದೀಪ. ಆ ಕಾಗದ ಅಲ್ಲಿಗೆ ಬಂದದ್ದು ನಮ್ಮದೇ ಒಂದು ತಪ್ಪಿನಿಂದ. ವ್ಯಾಪಾರದಲ್ಲಿರುವ ಸಮಾಜ ಬಾಂಧವರಿಗೆ, ಅದರಲ್ಲೂ ಈಗ ಗಾದಿಯ ಮೇಲೆ ಕೂಡಲು ಕಲಿಯುತ್ತಿರುವ ತರುಣರಿಗೆ ಉಪಯೋಗವಾದೀತೆಂದು ಸಂಕೋಚ ಬದಿಗಿಟ್ಟು ಬರೆಯುತ್ತಿದ್ದೇವೆ.

ನಮ್ಮದು ಬೇಳೆ ಮತ್ತು ಜೋಳದ ವ್ಯಾಪಾರ. ತೊಗರಿ ಬೇಳೆ ಕಲಬುರಗಿ ಕಡೆಯಿಂದ ಬರಬೇಕು, ಜೋಳ ಮಂಗಳವೇಢೆಯಿಂದ. ಮಾಲು ಹೋಗುವುದು ಪುಣೆ, ಮುಂಬಯಿ ಕಡೆಗೆ. ಹೀಗಾಗಿ ನಮ್ಮ ಅಂಗಡಿಯಲ್ಲಿ ಖರೀದಿಯ ಮಾತು ಹೆಚ್ಚಾಗಿ ಕನ್ನಡದಲ್ಲಿ, ಪೇಟೆಯ ಮಾತು ಮರಾಠಿಯಲ್ಲಿ, ದೂರದ ಪಾರ್ಟಿಗಳ ಜೋಡಿ ಹಿಂದಿಯಲ್ಲಿ. ಗಡಿಯ ಊರಿನಲ್ಲಿ ಹುಟ್ಟಿದವರಿಗೆ ಇದೇನೂ ದೊಡ್ಡದಲ್ಲ. ಒಂದೇ ಉಸಿರಿನಲ್ಲಿ ಮೂರು ಭಾಷೆ ಬದಲಿಸುತ್ತೇವೆ. ಪುಣೆಯವರ ಎದುರಿಗೆ ನಮ್ಮ ನಮ್ಮೊಳಗೆ ಏನಾದರೂ ಹೇಳಿಕೊಳ್ಳುವುದಿದ್ದರೆ ಕನ್ನಡವಿದೆ ಎಂಬ ಧೈರ್ಯವೂ ಇತ್ತು. ಆ ಧೈರ್ಯವೇ ನಮಗೆ ಮುಳುವಾಯಿತು.

ನಾವು ಮೆಟ್ರಿಕ್ ಮುಗಿಸಿ ಅಂಗಡಿಗೆ ಬಂದದ್ದು 1977ರಲ್ಲಿ. ಆಗ ಇದ್ದದ್ದು ಒಂದೇ ಕರಿ ಟೆಲಿಫೋನು. ಪರಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕೂಡಬೇಕು. ಸಾದಾ, ಅರ್ಜಂಟ್, ಲೈಟ್ನಿಂಗ್ ಎಂದು ದರ ಬೇರೆ ಬೇರೆ. ಲೈನು ಸಿಕ್ಕಾಗ ಕೂಗಿ ಕೂಗಿ ಧಾರಣೆ ಹೇಳಿದರೆ ಬೀದಿಯವರೆಗೆ ಎಲ್ಲರಿಗೂ ಕೇಳಿಸುತ್ತಿತ್ತು. ಗುಟ್ಟಿನ ಮಾತೆಂಬುದು ಟೆಲಿಫೋನಿನಲ್ಲಿ ಸಾಧ್ಯವೇ ಇರಲಿಲ್ಲ. ಮುಂದೆ ಎಸ್‌ಟಿಡಿ ಬಂದಿತು, ಎರಡನೆಯ ಲೈನು, ಮೂರನೆಯ ಲೈನು ಸಿಕ್ಕವು. ಗಾದಿಯ ಬದಿಗೆ ಮೂರು ಟೆಲಿಫೋನುಗಳನ್ನು ಸಾಲಾಗಿ ಇಟ್ಟುಕೊಂಡೆವು. ಒಂದು ಕಿವಿಗೆ ಕಲಬುರಗಿ, ಇನ್ನೊಂದು ಕಿವಿಗೆ ಪುಣೆ. ಒಬ್ಬರ ಜೋಡಿ ಮಾತಾಡುವಾಗ ಇನ್ನೊಂದರ ಬಾಯಿಗೆ ಅಂಗೈ ಅಡ್ಡ ಹಿಡಿಯುವುದು. ಹತ್ತು ವರ್ಷದಲ್ಲಿ ಕೈಗೆ ಅದೇ ರೂಢಿಯಾಗಿ ಹೋಯಿತು.

1997ರಲ್ಲಿ ತಂದೆಯವರು ಮನಸ್ಸು ಮಾಡಿ ಮೂರು ಲೈನು, ಎಂಟು ಎಕ್ಸ್‌ಟೆನ್ಶನ್ನಿನ ಇಪಿಎಬಿಎಕ್ಸ್ ಕೂಡಿಸಿದರು. ಗೋಡೆಗೆ ಒಂದು ಪೆಟ್ಟಿಗೆ, ಅದರಿಂದ ದಿವಾಣಜಿಯವರ ಮೇಜಿಗೆ, ಗೋದಾಮಿಗೆ, ಒಳಕೋಣೆಗೆ, ಮೇಲಿನ ಮನೆಗೆ ತಂತಿ. ಗಾದಿಯ ಮೇಲೆ ಗುಂಡಿಗಳಿದ್ದ ದೊಡ್ಡ ಟೆಲಿಫೋನು. ಮೂರು ಲೈನಿಗೆ ಮೂರು ಗುಂಡಿ, ಒಂದೊಂದಕ್ಕೆ ಒಂದು ಕೆಂಪು ದೀಪ. ದೀಪ ಬೇಗಬೇಗ ಮಿಣುಕಿದರೆ ಕರೆ ಬರುತ್ತಿದೆ. ಸ್ಥಿರವಾಗಿ ಉರಿದರೆ ಮಾತು ನಡೆದಿದೆ. ಹೋಲ್ಡ್ ಗುಂಡಿ ಒತ್ತಿದರೆ ಅದೇ ದೀಪ ನಿಧಾನವಾಗಿ ಮಿಣುಕುವುದು. ಅಂದರೆ ಅತ್ತ ಕಡೆಯವರು ಕಾಯುತ್ತಿದ್ದಾರೆ, ನಮ್ಮ ಮಾತು ಅವರಿಗಿಲ್ಲ, ಅವರ ಮಾತು ನಮಗಿಲ್ಲ. ಪಕ್ಕದಲ್ಲಿ ಮ್ಯೂಟ್ ಎಂಬ ಗುಂಡಿಯೂ ಇತ್ತು. ಅದು ನಮ್ಮ ಬಾಯಿಯನ್ನಷ್ಟೇ ಮುಚ್ಚುತ್ತದೆ, ಅವರು ಆಡುವುದು ನಮಗೆ ಕೇಳುತ್ತಲೇ ಇರುತ್ತದೆ. ಹೋಲ್ಡ್ ಒತ್ತದೆ ಅವಸರದಿಂದ ಇನ್ನೊಂದು ಲೈನಿನ ಗುಂಡಿ ಒತ್ತಿದರೆ ಮೊದಲಿನವರ ಕರೆ ಕಟ್ಟಾಗುತ್ತಿತ್ತು. ಮೊದಲ ತಿಂಗಳಲ್ಲಿ ಹೀಗೆ ಎಷ್ಟು ಜನರ ಕರೆ ಕತ್ತರಿಸಿದೆವೋ ಲೆಕ್ಕವಿಲ್ಲ.

ಯಂತ್ರ ಕೂಡಿಸಿದ ಹುಡುಗ ಗುಂಡಿಗಳನ್ನು ಕಲಿಸಿ ಹೋದ. ಅವುಗಳ ರೀತಿ-ರಿವಾಜು ಕಲಿಸಿದವರು ತಂದೆಯವರು. ಅವರು ಓದಿದ್ದು ಮರಾಠಿ ನಾಲ್ಕನೆಯ ಇಯತ್ತೆ. ಆದರೂ ಒಂದೊಂದು ಗುಂಡಿಗೆ ಒಂದೊಂದು ಕಟ್ಟಳೆ ಮಾಡಿದರು. “ಹೋಲ್ಡ್ ಅಂದರ ಪಾರ್ಟಿಯವರನ್ನ ಅಂಗಡಿ ಕಟ್ಟೀ ಮ್ಯಾಲೆ ಕೂಡಿಸಿದಂಗ. ನೀರು ಕೊಡಲಾರದ ಎಷ್ಟೊತ್ತು ಕೂಡಸ್ತೀರಿ?” ಎನ್ನುತ್ತಿದ್ದರು. ಎಸ್‌ಟಿಡಿ ಕಾಲದಲ್ಲಿ ಅವರನ್ನು ಕಾಯಿಸಿದ ಪ್ರತಿ ನಿಮಿಷವೂ ಅವರ ಬಿಲ್ಲಿಗೇ ಬೀಳುತ್ತಿತ್ತು. ಆದ್ದರಿಂದ ಖಾತೆ ತೆಗೆದು ನೋಡುವ ಕೆಲಸವಿದ್ದರೆ ಹೋಲ್ಡ್ ಬೇಡ, “ಇಡ್ರಿ, ನಾವಽ ಮಾಡ್ತೀವಿ” ಎಂದು ಹೇಳಿ ನಮ್ಮ ಖರ್ಚಿನಿಂದ ಮಾಡಬೇಕು. ಕಾಯುವವರಿಗೆ ಸಂಗೀತ ಕೇಳಿಸುವ ಸೌಲಭ್ಯವಿತ್ತು. ಅದನ್ನು ಕಂಡುಹಿಡಿದವರು ಆಲ್‌ಫ್ರೆಡ್ ಲೆವಿ ಎಂಬ ಅಮೆರಿಕದ ಕಾರಖಾನೆದಾರರು. ಸಡಿಲಾದ ತಂತಿಯೊಂದು ಕಟ್ಟಡದ ಉಕ್ಕಿನ ತೊಲೆಗೆ ತಾಗಿ, ಪಕ್ಕದ ರೇಡಿಯೋ ಕೇಂದ್ರದ ಹಾಡು ಟೆಲಿಫೋನಿನಲ್ಲಿ ಕೇಳಿದ್ದೇ ಅದಕ್ಕೆ ಮೂಲವಂತೆ. 1966ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ತಂದೆಯವರು ಆ ಸಂಗೀತವನ್ನೂ ಬಂದ್ ಮಾಡಿಸಿದರು. ಹಾಡು ಹಚ್ಚಿಟ್ಟರೆ ಕಾಯಿಸುವವರಿಗೆ ನಾಚಿಕೆ ಹೋಗುತ್ತದೆ ಎಂಬುದು ಅವರ ಅಭಿಪ್ರಾಯ.

ಟ್ರಾನ್ಸ್‌ಫರ್‌ಗೆ ಅವರ ಕಟ್ಟಳೆ ಇನ್ನೂ ಬಿಗಿ. ಬಂದ ಕರೆಯನ್ನು ಸುಮ್ಮನೆ ಗೋದಾಮಿಗೆ ದೂಡಿ ಕೈತೊಳೆದುಕೊಳ್ಳಬಾರದು. ಮೊದಲು ಒಳಗಿನವರಿಗೆ ಪಾರ್ಟಿಯ ಹೆಸರು, ಊರು, ಕೆಲಸ ಇಷ್ಟನ್ನು ಹೇಳಿ, ಅವರು ಹೂಂ ಅಂದ ಮೇಲೆಯೇ ನಮ್ಮ ಫೋನು ಇಡಬೇಕು. ಪಾರ್ಟಿಯವರು ಅದೇ ಕಥೆಯನ್ನು ಮೂರು ಜನರಿಗೆ ಮೂರು ಸಲ ಹೇಳುವಂತಾಗಬಾರದು. ಕರೆ ತಪ್ಪು ಜಾಗಕ್ಕೆ ಹೋದರೆ ವ್ಯಾಪಾರಿಗೆ ಎಷ್ಟು ಉರಿಯುತ್ತದೆಂಬುದಕ್ಕೆ ಒಂದು ಹಳೆಯ ಕಥೆಯಿದೆ. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಎಂಬವರು ಶವಸಂಸ್ಕಾರದ ಸಾಮಾನಿನ ಧಂದೆ ಮಾಡುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ಅದೇ ಧಂದೆಯ ಇನ್ನೊಬ್ಬನ ಹೆಂಡತಿ. ಇವರಿಗೆ ಬಂದ ಕರೆಗಳನ್ನು ಅವಳು ಗಂಡನಿಗೆ ಜೋಡಿಸುತ್ತಿದ್ದಳೆಂದು ಹೇಳುತ್ತಾರೆ. ಆ ಸಿಟ್ಟಿನಿಂದ, ನಡುವೆ ಮನುಷ್ಯರೇ ಬೇಡವೆಂದು ಅವರು ತಾನೇ ಜೋಡಿಸುವ ಎಕ್ಸ್‌ಚೇಂಜನ್ನು ರಚಿಸಿ 1891ರಲ್ಲಿ ಪೇಟೆಂಟ್ ಪಡೆದರು. ನಮ್ಮ ಗೋಡೆಯ ಪೆಟ್ಟಿಗೆಯೂ ಅದೇ ವಂಶದ್ದು.

ಸಂಜೆ ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆ ನಮ್ಮದು. ಪೇಟೆಯವರ ಕರೆಗಳು ಬರುವುದೂ ಅದೇ ಹೊತ್ತಿಗೆ. ಫಾರ್ವರ್ಡ್ ಮಾಡಿ ದಿವಾಣಜಿಯವರಿಗೆ ಒಪ್ಪಿಸಿ ಮೇಲೆ ಹೋಗುವುದನ್ನು ಕಲಿತ ಮೇಲೆ ತಾಟಿನ ಮುಂದಿನಿಂದ ಏಳುವುದು ತಪ್ಪಿತು. ಇಷ್ಟೆಲ್ಲ ಕಲಿತ ಮೇಲೂ ನಮ್ಮ ಅಂಗೈಯ ಹಳೆಯ ರೂಢಿ ಮಾತ್ರ ಹೋಗಿರಲಿಲ್ಲ.

1998ರ ಸೆಪ್ಟೆಂಬರ್. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ಅಚ್ಚು ಹಾಕಿಸಿದ ಕಾರ್ಡುಗಳನ್ನು ಎಲ್ಲ ಪಾರ್ಟಿಗಳಿಗೆ ಕಳಿಸಿ ಎರಡು ವಾರವೂ ಆಗಿರಲಿಲ್ಲ. ಪುಣೆಯಿಂದ ನಮ್ಮ ಹಳೆಯ ಪಾರ್ಟಿಯ ಯಜಮಾನರ ಕರೆ ಬಂದಿತು. ನಮ್ಮ ಜೋಡಿ ಇಪ್ಪತ್ತು ವರ್ಷಕ್ಕೂ ಹೆಚ್ಚಿನ ವ್ಯವಹಾರ, ಪಾವತಿ ಒಂದು ದಿನ ತಪ್ಪಿದವರಲ್ಲ. ದೀಪಾವಳಿಗೆಂದು ನೂರು ಚೀಲ ತೊಗರಿ ಬೇಳೆ ಕೇಳಿದರು. ಮರಾಠಿಯಲ್ಲಿ “ಒಂದು ನಿಮಿಷ, ಶೇಟಜಿ” ಎಂದು ಹೇಳಿ, ಎದುರಿಗಿದ್ದ ತಂದೆಯವರ ಕಡೆ ತಿರುಗಿ, ಟೆಲಿಫೋನಿನ ಬಾಯಿಗೆ ಅಂಗೈ ಹಿಡಿದು ನಾವು ಕನ್ನಡದಲ್ಲಿ ಅಂದೆವು: “ಅಪ್ಪಾ, ಹೋದ ವರ್ಷದ್ದು ಮೂವತ್ತು ಚೀಲ ಹಂಗಽ ಬಿದ್ದಾವಲ್ಲ. ಈ ನೂರರಾಗ ಸೇರಿಸಿ ಕಳಿಸಿಬಿಡೂಣು. ಮುದುಕಗ ಈಗ ಕಣ್ಣು ಮಂದ ಆಗ್ಯಾವ, ಗೊತ್ತಾಗೂದುಲ್ಲ.”

ತಂದೆಯವರು ಉತ್ತರ ಕೊಡಲಿಲ್ಲ. ಅವರ ದೃಷ್ಟಿ ಟೆಲಿಫೋನಿನ ಮೇಲಿತ್ತು. ನಾವೂ ನೋಡಿದೆವು. ದೀಪ ಮಿಣುಕುತ್ತಿರಲಿಲ್ಲ, ಸ್ಥಿರವಾಗಿ ಉರಿಯುತ್ತಿತ್ತು. ಅಂಗೈ ತೆಗೆದು ಕಿವಿಗೆ ಹಚ್ಚಿದಾಗ ಅತ್ತ ಕಡೆಯಿಂದ ಮೆಲ್ಲಗೆ ಕನ್ನಡದ ಮಾತೇ ಬಂದಿತು: “ನಾ ಹುಬ್ಬಳ್ಳಿ ಪೇಟ್ಯಾಗ ಎಂಟು ವರ್ಷ ಗುಮಾಸ್ತಿಕಿ ಮಾಡೇನ್ರಿ, ಶೇಟಜಿ. ಕಣ್ಣು ಮಂದ ಆಗ್ಯಾವ ಖರೆ. ಕಿವಿ ಚಲೋ ಅದಾವ.” ಆಮೇಲೆ ಕರೆ ಕಟ್ಟಾಯಿತು.

ನಾವು ತಂದೆಯವರ ಮುಂದೆ ಹೇಳಿದ್ದು, ಹೋಲ್ಡ್ ಒತ್ತುವುದು ಮರೆತೆವು ಎಂದು. ಅವರಿಗೆ ಸಿಟ್ಟು ಬಂದದ್ದು ಆಗಲೇ. “ಗುಂಡಿ ಮರತದ್ದು ತಪ್ಪಲ್ಲ, ತಮ್ಮಾ. ಆ ಮಾತು ಬಾಯಾಗ ಬಂದದ್ದು ತಪ್ಪು,” ಎಂದರು. ಪತ್ರ ಬರೆಯುತ್ತೇವೆ ಎಂದೆವು. “ಅಚ್ಚಿನ ಕಾರ್ಡು ಹಾಕಿ ಹದಿನೈದು ದಿನ ಆಗಿಲ್ಲ. ಇನ್ನ ಕಾಗದ ಸಾಕು, ಹೋಗಿ ಬಾ,” ಎಂದು ಅದೇ ರಾತ್ರಿಯ ಗಾಡಿಗೆ ಹತ್ತಿಸಿದರು.

ಪುಣೆಯಲ್ಲಿ ಆ ಯಜಮಾನರು ನಮ್ಮನ್ನು ಅಂಗಡಿಯಲ್ಲಿ ಕೂಡಿಸಿ ಚಹಾ ತರಿಸಿದರು. ಬೈಯಲಿಲ್ಲ. ತಪ್ಪಾಯಿತೆಂದು ಕೈಮುಗಿದಾಗ ಒಂದೇ ಪ್ರಶ್ನೆ ಕೇಳಿದರು: “ನಿನ್ನೆ ನೀವು ಆ ಗುಂಡಿ ಒತ್ತಿದ್ದರ, ಇವತ್ತ ಇಲ್ಲಿಗೆ ಬರ್ತಿದ್ದಿರೇನು?” ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಹುಡುಕಿದರೂ ಸಿಕ್ಕಿಲ್ಲ. ಗುಂಡಿ ಒತ್ತಿದ್ದರೆ ಮೂವತ್ತು ಚೀಲ ಹೋಗುತ್ತಿದ್ದವೋ, ತಂದೆಯವರು ತಡೆಯುತ್ತಿದ್ದರೋ ಆ ಮಾತು ಬೇರೆ. ನಾವು ಮಾತ್ರ ಗಾಡಿ ಹತ್ತುತ್ತಿರಲಿಲ್ಲ, ಅದು ನಿಜ.

ವಾರದೊಳಗೆ ಅವರ ಬಾಕಿ ಚೊಕ್ಕ ಚುಕ್ತಾ ಆಗಿ ಬಂದಿತು. ವ್ಯವಹಾರ ನಿಂತಿತು. ಆ ಮೂವತ್ತು ಚೀಲವನ್ನು ತಂದೆಯವರು ಬಿಲ್ಲಿನ ಮೇಲೆ ‘ಹಳೆ ಮಾಲು’ ಎಂದು ಬರೆದು ಬಂದ ಧಾರಣೆಗೆ ಮಾರಿಸಿದರು, ಲುಕಸಾನವನ್ನು ನಮ್ಮ ಹೆಸರಿಗೆ ಖರ್ಚು ಹಾಕಿಸಿದರು. ಗೋಡೆಯ ಮೇಲಿನ ಕಾಗದ ಬರೆದು ಅಂಟಿಸಿದ್ದೂ ಅದೇ ವಾರ. ಅಂದಿನಿಂದ ಪ್ರತಿ ಕ್ಷಮಾವಣಿಗೆ ಪುಣೆಯ ಆ ಒಂದು ಕಾರ್ಡನ್ನು ನಾವು ಕೈಯಿಂದಲೇ ಬರೆದೆವು. ಎರಡು ವರ್ಷ ಉತ್ತರ ಬರಲಿಲ್ಲ. ಮೂರನೆಯ ವರ್ಷ ನಡುಗುವ ಕನ್ನಡ ಅಕ್ಷರದಲ್ಲಿ ಒಂದು ಕಾರ್ಡು ಬಂದಿತು. ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ, ಆದರೆ ವ್ಯಾಪಾರ ಮಾತ್ರ ಬೇಡ ಎಂದಿತ್ತು. ತಂದೆಯವರಿಗೆ ತೋರಿಸಿದೆವು. “ಅವರು ಮಾಡಿದ್ದು ಬರೋಬರಿ ಅದ,” ಎಂದು ಕಾರ್ಡನ್ನು ಖಾತೆ ಪುಸ್ತಕದಲ್ಲಿ ಇಟ್ಟರು. ಈಗ ಇಬ್ಬರೂ ಇಲ್ಲ. ಕಾರ್ಡು ಇದೆ.

ಅದಾದ ಮೇಲೆ ನಮ್ಮ ಅಂಗಡಿಯಲ್ಲಿ ಇನ್ನೊಂದು ಕಟ್ಟಳೆ ಸೇರಿತು. ಕಾನ್ಫರೆನ್ಸ್ ಗುಂಡಿ ಒತ್ತಿ ದಾಲ್ ಮಿಲ್ಲಿನವರನ್ನೂ ಖರೀದಿದಾರರನ್ನೂ ಒಂದೇ ಕರೆಯಲ್ಲಿ ಸೇರಿಸಿದರೆ, ಮೂರನೆಯವರು ಇದ್ದಾರೆಂದು ಇಬ್ಬರಿಗೂ ಮೊದಲೇ ಹೇಳಬೇಕು. ಸ್ಪೀಕರ್ ಹಚ್ಚಿದರೆ ಯಾರು ಯಾರು ಕೂತಿದ್ದಾರೆಂದು ಹೇಳಬೇಕು. ಗುಂಡಿಗಳು ಎಷ್ಟೇ ಇರಲಿ, ನೋಡಿದರೆ ಅವೆಲ್ಲ ಎರಡೇ ಕೆಲಸ ಮಾಡುತ್ತವೆ: ಯಾರು ಕಾಯಬೇಕು, ಯಾರಿಗೆ ಕೇಳಿಸಬೇಕು. ಇವೆರಡರಲ್ಲಿ ಪಾರ್ಟಿಗೆ ಮೋಸವಾಗದಂತೆ ನೋಡಿಕೊಳ್ಳುವುದು ಗುಂಡಿಯ ಕೆಲಸವಲ್ಲ, ನಮ್ಮದು.

ಈಗ ಮೂರರಲ್ಲಿ ಎರಡು ಲೈನು ಒಪ್ಪಿಸಿಬಿಟ್ಟಿದ್ದೇವೆ. ಒಂದು ಉಳಿದಿದೆ. 2021ರ ಜನವರಿ 15ರಿಂದ ಈ ಫೋನಿನಿಂದ ಮೊಬೈಲಿಗೆ ಮಾಡಬೇಕಾದರೆ ಮೊದಲು ಸೊನ್ನೆ ಹಚ್ಚಬೇಕೆಂದು ಆಗಿದೆ. ನಮ್ಮ ಪೆಟ್ಟಿಗೆಯಲ್ಲಿ ಹೊರಗಿನ ಲೈನಿಗೇ ಒಂದು ಸೊನ್ನೆ ಬೇಕು. ಹೀಗಾಗಿ ಎರಡು ಸೊನ್ನೆ. ಅಂಗಡಿಯ ಹುಡುಗರು ಒಂದೇ ಸೊನ್ನೆ ಹಚ್ಚಿ ‘ಲೈನು ಕೆಟ್ಟದ’ ಎಂದು ಕೂಡುತ್ತಾರೆ. ನಮ್ಮ ಮಗ ಎಲ್ಲ ವ್ಯವಹಾರ ಮೊಬೈಲಿನಲ್ಲಿಯೇ ಮಾಡುತ್ತಾನೆ. ಅದರಲ್ಲಿಯೂ ಹೋಲ್ಡ್, ಮ್ಯೂಟ್, ಕಾನ್ಫರೆನ್ಸ್, ಸ್ಪೀಕರ್ ಎಲ್ಲ ಇವೆ. ಮಿಣುಕುವ ಕೆಂಪು ದೀಪ ಮಾತ್ರ ಇಲ್ಲ.

ಮೊನ್ನೆ ಅವನು ಸ್ಪೀಕರ್ ಹಚ್ಚಿ ಕಲಬುರಗಿಯವರ ಜೋಡಿ ಧಾರಣೆ ಮಾತಾಡುತ್ತಿದ್ದಾಗ ನಾವು ಒಳಗೆ ಹೋದೆವು. ಕೂಡುವ ಮೊದಲೇ ಮಗ, “ಅಪ್ಪಾಜಿ ಬಂದ್ರು, ಅವರೂ ಕೇಳಾಕತ್ತಾರ್ರಿ,” ಎಂದು ಫೋನಿನಲ್ಲಿ ಹೇಳಿದ. ಆ ಹೊತ್ತಿಗೆ ನಮಗಾದ ಸಮಾಧಾನ ಇಲ್ಲಿ ಬರೆದು ಹೇಳಲು ಬಾರದು.

ತರುಣರೇ, ಹೊಸ ಸಾಧನಗಳನ್ನು ಧಾರಾಳ ಕಲಿಯಿರಿ, ವ್ಯಾಪಾರಕ್ಕೆ ಅವು ಬೇಕು. ಆದರೆ ಹೋಲ್ಡ್ ಒತ್ತಿ ಆಡುವ ಮಾತನ್ನು, ಒತ್ತದೆಯೂ ಆಡಬಹುದೇ ಎಂದು ಒಮ್ಮೆ ಕೇಳಿಕೊಳ್ಳಿರಿ. ಇಷ್ಟೇ ನಮ್ಮ ಅನುಭವ. ಬರೆದುದರಲ್ಲಿ ಹೆಚ್ಚು-ಕಡಿಮೆಯಾಗಿದ್ದರೆ ಕ್ಷಮೆ ಇರಲಿ.